ಓಡಿದ ಬೈಕೋ, ನಿಂತ ಬೈಕೋ? ಹಳೆಯ ಸ್ಪೋರ್ಟ್ ಟೂರರ್ ಕೊಳ್ಳುವ ಮುನ್ನ

ಪ್ರಶ್ನೆ: ನಾನು ಶಿವಮೊಗ್ಗದವನು. ಹತ್ತು ವರ್ಷಗಳಿಂದ 350 ಸಿಸಿ ಬೈಕು ಓಡಿಸುತ್ತಿದ್ದೇನೆ. ಹೆಂಡತಿಯನ್ನು ಕೂರಿಸಿಕೊಂಡು ಆಗುಂಬೆ ಮಾರ್ಗವಾಗಿ ಉಡುಪಿಗೆ, ವರ್ಷಕ್ಕೊಂದೆರಡು ಬಾರಿ ದೂರದ ಊರುಗಳಿಗೆ ಹೋಗುವ ರೂಢಿಯಿದೆ. ಈಗ ಸ್ಪೋರ್ಟ್ ಟೂರರ್ (ವೇಗಕ್ಕೂ ದೂರದ ಪ್ರಯಾಣಕ್ಕೂ ಒದಗುವ) ಬೈಕೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬೇಕೆಂದಿದ್ದೇನೆ. ಬೆಂಗಳೂರಿನಲ್ಲಿ ಎರಡು ಕವಾಸಾಕಿ ನಿಂಜಾ 650 ಕಣ್ಣಿಗೆ ಬಿದ್ದಿವೆ. ಒಂದು 2018ರದು, 8,900 ಕಿ.ಮೀ. ಓಡಿದೆ, ಹೊಸದರಂತೆ ಹೊಳೆಯುತ್ತಿದೆ. ಇನ್ನೊಂದು 2019ರದು, 36,000 ಕಿ.ಮೀ. ಓಡಿದೆ, ಬ್ಯಾಗ್ ಕಟ್ಟಿದ ಗೀರುಗಳಿವೆ, ಬೆಲೆ 60 ಸಾವಿರ ಕಡಿಮೆ. ಪುದುಚೇರಿ ನೋಂದಣಿಯ ಮೂರನೆಯದೊಂದು ಇನ್ನೂ ಅಗ್ಗಕ್ಕೆ ಸಿಗುತ್ತದೆಯಂತೆ. ಯಾವುದನ್ನು ಕೊಳ್ಳಲಿ? ಏನೇನು ನೋಡಲಿ?

ಉತ್ತರ: ನಿಮ್ಮ ಪತ್ರ ಓದಿದವರಲ್ಲಿ ಹೆಚ್ಚಿನವರು 8,900 ಕಿ.ಮೀ.ಯ ಬೈಕನ್ನೇ ತೋರಿಸುತ್ತಾರೆ. ನಾನು ಮಾತ್ರ ಮೊದಲು 36,000 ಕಿ.ಮೀ.ಯ ಬೈಕನ್ನು ನೋಡಿ ಬನ್ನಿ ಎನ್ನುತ್ತೇನೆ. ದೂರದ ಪ್ರಯಾಣಕ್ಕೆಂದೇ ತಯಾರಾದ ಬೈಕುಗಳನ್ನು ಓಡಾಟ ಹಾಳುಮಾಡುವುದಕ್ಕಿಂತ ಹೆಚ್ಚಾಗಿ ನಿಲುಗಡೆ ಹಾಳುಮಾಡುತ್ತದೆ ಎಂಬುದು ಇಷ್ಟು ವರ್ಷ ಹಳೆಯ ಬೈಕುಗಳನ್ನು ನೋಡಿ, ಬಿಚ್ಚಿ, ಓಡಿಸಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ.

ನಿಂಜಾ 650ರ ಬಗ್ಗೆ ಎರಡು ಮಾತು. ಕಂಪನಿ ಇದನ್ನು ಸ್ಪೋರ್ಟ್ಸ್ ಬೈಕುಗಳ ಸಾಲಿನಲ್ಲಿ ಇಟ್ಟಿದ್ದರೂ ನಮ್ಮಲ್ಲಿ ಇದನ್ನು ಕೊಂಡವರಲ್ಲಿ ಬಹಳಷ್ಟು ಮಂದಿ ಬಳಸುವುದು ದೂರದ ಪ್ರಯಾಣಕ್ಕೇ. 2017ರಲ್ಲಿ ಹೊಸ ಟ್ರೆಲಿಸ್ ಫ್ರೇಮಿನೊಂದಿಗೆ (ಕೊಳವೆಗಳನ್ನು ಜಾಲರಿಯಂತೆ ಬೆಸೆದ ಚೌಕಟ್ಟು) ಬಂದ ಮಾದರಿಯೇ ನೀವು ನೋಡಿರುವ ಎರಡೂ ಬೈಕುಗಳು: 649 ಸಿಸಿಯ ಎರಡು ಸಿಲಿಂಡರಿನ ಎಂಜಿನ್, 68 ಪಿಎಸ್ ಶಕ್ತಿ, 193 ಕೆ.ಜಿ. ತೂಕ, 15 ಲೀಟರಿನ ಟ್ಯಾಂಕು, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ). 2020ರ ಬಿಎಸ್6 (ಹೊಸ ಹೊಗೆ ನಿಯಮದ) ಮಾದರಿಯಲ್ಲಿ ಬಣ್ಣದ ಟಿಎಫ್‌ಟಿ ಪರದೆ ಮತ್ತು ಹೊಸ ಮುಖ ಬಂದವೇ ಹೊರತು ಎಂಜಿನ್ನಿನ ಮೂಲ ವಿನ್ಯಾಸ ಬದಲಾಗಲಿಲ್ಲ. ಆದ್ದರಿಂದ ಹಿಂದಿನ ನಿಯಮದ ಬಿಎಸ್4 ಮಾದರಿ ಹಳೆಯದಾಯಿತೆಂದು ಹಿಂಜರಿಯಬೇಕಿಲ್ಲ. ಇದು ಗಟ್ಟಿ ಎಂಜಿನ್. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸುತ್ತ ಬಂದಿದ್ದರೆ 36,000 ಕಿ.ಮೀ. ಇದಕ್ಕೆ ನಡುವಯಸ್ಸೂ ಅಲ್ಲ.

ಈಗ 8,900 ಕಿ.ಮೀ.ಯ ಬೈಕನ್ನು ಲೆಕ್ಕ ಹಾಕಿ ನೋಡೋಣ. 2018ರಿಂದ ಇಲ್ಲಿಯವರೆಗೆ ಅಷ್ಟೇ ಓಡಿದೆಯೆಂದರೆ ವರ್ಷದ ಬಹುತೇಕ ದಿನ ಅದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹೊದಿಕೆಯಡಿ ನಿಂತಿತ್ತೆಂದೇ ಅರ್ಥ. ನಿಂತ ಬೈಕಿನಲ್ಲಿ ಏನಾಗುತ್ತದೆ? ನಮ್ಮ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅರ್ಧ ಖಾಲಿ ಇರುವ ಟ್ಯಾಂಕಿನ ಒಳಗೋಡೆ ಹೀಗೆ ತುಕ್ಕು ಹಿಡಿಯುತ್ತದೆ. ಬ್ರೇಕ್ ಆಯಿಲ್‌ಗೂ ತೇವ ಹೀರುವ ಗುಣವಿರುವುದರಿಂದ ಬೈಕು ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು. ಬದಲಿಸದೆ ಬಿಟ್ಟ ಬೈಕಿನಲ್ಲಿ ಕ್ಯಾಲಿಪರ್‌ನ ಪಿಸ್ಟನ್‌ಗಳು ಅಂಟಿಕೊಳ್ಳುತ್ತವೆ. ಕೂಲಂಟ್‌ನಲ್ಲಿರುವ ತುಕ್ಕು ತಡೆಯುವ ಅಂಶ ಕಾಲ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ, ಫೋರ್ಕಿನ (ಮುಂದಿನ ಶಾಕ್ ಅಬ್ಸಾರ್ಬರಿನ) ಆಯಿಲ್ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ. ಬೆಂಗಳೂರಿನ ಬೇಸ್‌ಮೆಂಟುಗಳಲ್ಲಿ ಇಲಿಗಳ ಕಾಟವೂ ಇದೆ; ಏರ್ ಫಿಲ್ಟರ್ ಪೆಟ್ಟಿಗೆಯೊಳಗೆ ಗೂಡು ಕಟ್ಟಿರುವುದನ್ನೂ ಸೀಟಿನ ಕೆಳಗಿನ ವೈರುಗಳನ್ನು ಕಡಿದಿರುವುದನ್ನೂ ಒಂದಲ್ಲ, ಹಲವು ಬಾರಿ ಕಣ್ಣಾರೆ ಕಂಡಿದ್ದೇನೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಭಯವಿರುವುದು ಟೈರಿನ ವಿಷಯದಲ್ಲಿ. ಹಲವು ವರ್ಷಗಳ ಹಿಂದೆ ನಾನೇ ಬರೀ 6,000 ಕಿ.ಮೀ. ಓಡಿದ, ನಾಲ್ಕು ವರ್ಷ ಹಳೆಯ ಬೈಕೊಂದನ್ನು ಪರಿಚಿತರೊಬ್ಬರಿಂದ ಕೊಂಡಿದ್ದೆ. ಟೈರಿನ ಮೇಲಿನ ಗೆರೆಗಳು ಇನ್ನೂ ಆಳವಾಗಿದ್ದುದರಿಂದ ಅದರತ್ತ ಮತ್ತೆ ತಿರುಗಿ ನೋಡಲಿಲ್ಲ. ಜೂನ್ ತಿಂಗಳ ಮೊದಲ ಮಳೆಗೆ ಚಾರ್ಮಾಡಿ ಘಾಟಿ ಇಳಿಯುವಾಗ, ವೇಗವೇ ಇಲ್ಲದ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿ ಬೈಕು ಮಲಗಿತು. ಪೆಟ್ಟು ಸಣ್ಣದು, ಎದುರಿನಿಂದ ಬಸ್ಸು ಬರುತ್ತಿರಲಿಲ್ಲ ಅಷ್ಟೆ. ರಸ್ತೆ ಬದಿಯಲ್ಲಿ ನಿಂತು ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿದೆ. ಗುರುತೇ ಮೂಡಲಿಲ್ಲ, ರಬ್ಬರು ಹಲಗೆಯಂತಾಗಿತ್ತು. ಅಂದಿನಿಂದ ಯಾವುದೇ ಹಳೆಯ ಬೈಕು ನೋಡಲು ಹೋದರೂ ನಾನು ಮೊದಲು ಬಗ್ಗಿ ಓದುವುದು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು. 2318 ಎಂದಿದ್ದರೆ ಅದು 2018ರ 23ನೆಯ ವಾರದಲ್ಲಿ ತಯಾರಾದ ಟೈರು. ಐದಾರು ವರ್ಷ ದಾಟಿದ ಟೈರು ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಬೇಕಾದ್ದೇ. ನಿಂಜಾ 650ಕ್ಕೆ ಮುಂದೆ 120/70, ಹಿಂದೆ 160/60 ಅಳತೆಯ 17 ಇಂಚಿನ ಟೈರುಗಳು ಬೇಕು. ಒಳ್ಳೆಯ ಜೋಡಿಗೆ 25 ಸಾವಿರ ದಾಟುವುದು ಸಾಮಾನ್ಯ. ನೀವು ಹೇಳಿದ 60 ಸಾವಿರದ ಅಂತರಕ್ಕೆ ಈ ಖರ್ಚನ್ನೂ, ಬ್ಯಾಟರಿ, ಬ್ರೇಕ್ ಆಯಿಲ್, ಕೂಲಂಟ್, ಫೋರ್ಕ್ ಸೀಲುಗಳ ಖರ್ಚನ್ನೂ ಸೇರಿಸಿ ನೋಡಿದರೆ ಹೊಳೆಯುವ ಬೈಕು ಎಷ್ಟು ದುಬಾರಿಯೆಂಬುದು ನಿಮಗೇ ತಿಳಿಯುತ್ತದೆ.

ಹಾಗೆಂದು 36,000 ಕಿ.ಮೀ. ಓಡಿದ್ದೆಲ್ಲ ಒಳ್ಳೆಯ ಬೈಕೆಂದು ನಾನು ಹೇಳುತ್ತಿಲ್ಲ. ಅದರ ಮಾಲೀಕರ ಬಳಿ ಸರ್ವಿಸ್ ಬಿಲ್ಲುಗಳ ಕಟ್ಟು ಇರಬೇಕು. ಬಿಲ್ಲುಗಳಲ್ಲಿ ಕಿಲೋಮೀಟರ್ ನಮೂದಾಗಿರುತ್ತದೆ. ಅವು ಏರುತ್ತ ಹೋಗಿರುವ ಕ್ರಮವನ್ನು ಮೀಟರಿನೊಂದಿಗೆ ಹೋಲಿಸಿ. ಬಿಲ್ಲು ಕಳೆದಿದ್ದರೆ, ಸರ್ವಿಸ್ ಮಾಡಿಸಿದ ಅಧಿಕೃತ ಕೇಂದ್ರಕ್ಕೆ ಮಾಲೀಕರೊಂದಿಗೇ ಹೋಗಿ ಚಾಸಿಸ್ ನಂಬರ್ ಕೊಟ್ಟು ಹಳೆಯ ದಾಖಲೆ ಕೇಳಬಹುದು. ವಾಲ್ವ್ ಕ್ಲಿಯರೆನ್ಸ್ (ಎಂಜಿನ್ನಿನ ವಾಲ್ವಿಗೆ ಬಿಟ್ಟಿರುವ ಸಣ್ಣ ಸಂದು), ಅಂದರೆ ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಟ್ಯಾಪೆಟ್, ಮ್ಯಾನುಯಲ್ ಹೇಳಿದ ಕಿಲೋಮೀಟರಿಗೆ ಪರೀಕ್ಷೆಯಾಗಿದೆಯೇ ಎಂದು ವಿಶೇಷವಾಗಿ ಕೇಳಿ. ಇಂಥ ಎಂಜಿನ್ನುಗಳಲ್ಲಿ ಟ್ಯಾಪೆಟ್ ಸಡಿಲಾಗಿ ಸದ್ದು ಮಾಡುವುದಕ್ಕಿಂತ ಸದ್ದಿಲ್ಲದೆ ಬಿಗಿಯಾಗುವುದೇ ಹೆಚ್ಚು, ಹಾಗಾಗಿ ಕಿವಿಯನ್ನು ನಂಬುವಂತಿಲ್ಲ. ಆ ಸಂದನ್ನು ಸರಿಪಡಿಸುವ ಶಿಮ್ ಎಂಬ ಬಿಲ್ಲೆ ಬದಲಿಸಬೇಕಾಗಿ ಬಂದರೆ ಕ್ಯಾಮ್‌ಶಾಫ್ಟ್ ಬಿಚ್ಚಬೇಕಾಗುವುದರಿಂದ ಕೂಲಿಯೂ ಕಡಿಮೆಯಲ್ಲ.

ನೋಡಲು ಹೋಗುವ ದಿನ ಬೆಳಗಿನ ಹೊತ್ತು ಗೊತ್ತುಮಾಡಿಕೊಳ್ಳಿ, ನೀವು ಬರುವವರೆಗೆ ಬೈಕನ್ನು ಸ್ಟಾರ್ಟ್ ಮಾಡಬೇಡಿರೆಂದು ಫೋನಿನಲ್ಲೇ ಕೇಳಿಕೊಳ್ಳಿ. ಹೋದೊಡನೆ ಎಂಜಿನ್ನಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಕಾರಣ ಕೇಳಿ. ತಣ್ಣಗಿನ ಎಂಜಿನ್ನು ಹೇಳುವ ಸತ್ಯವನ್ನು ಬಿಸಿ ಎಂಜಿನ್ನು ಮುಚ್ಚಿಡುತ್ತದೆ. ಸ್ಟಾರ್ಟ್ ಮಾಡುವ ಮೊದಲು ಬೈಕನ್ನು ನೆಟ್ಟಗೆ ನಿಲ್ಲಿಸಿ ಬಲಬದಿಯ ಗಾಜಿನ ಕಿಂಡಿಯಲ್ಲಿ ಆಯಿಲಿನ ಮಟ್ಟ ನೋಡಿ. ಆಯಿಲ್ ಕಪ್ಪಾಗಿದ್ದರೆ ಚಿಂತೆಯಿಲ್ಲ, ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದರಲ್ಲಿ ನೀರೋ ಕೂಲಂಟೋ ಸೇರಿದೆಯೆಂದು ತಿಳಿದು ಹಿಂದಿರುಗಿ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಜೊತೆಗಿದ್ದರೆ ಬ್ಯಾಟರಿಯ ತುದಿಗಳಿಗೆ ಇಟ್ಟು ನೋಡಿ: ಎಂಜಿನ್ ಆಫ್ ಇದ್ದಾಗ 12.6 ವೋಲ್ಟಿನ ಆಸುಪಾಸು, ಸ್ಟಾರ್ಟ್ ಆಗಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ 14ರ ಆಸುಪಾಸು ತೋರಿಸಬೇಕು. 15 ದಾಟಿದರೆ ಅಥವಾ 13ಕ್ಕೂ ಏರದಿದ್ದರೆ ಚಾರ್ಜಿಂಗ್ ವ್ಯವಸ್ಥೆಯಲ್ಲಿ ದೋಷವಿದೆ. ಎಂಜಿನ್ನನ್ನು ಹತ್ತು ನಿಮಿಷ ಹಾಗೆಯೇ ಓಡಲು ಬಿಟ್ಟು, ಬಿಸಿಯೇರಿದಾಗ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುವುದನ್ನು ಕೇಳಿಸಿಕೊಂಡ ಮೇಲೆಯೇ ಮುಂದಿನ ಮಾತು.

ಬಿದ್ದ ಬೈಕನ್ನು ಗುರುತಿಸುವುದು ಪ್ಲಾಸ್ಟಿಕ್ಕಿನಿಂದಲ್ಲ. ಫೇರಿಂಗ್ ಬದಲಿಸಿ, ಸ್ಟಿಕರ್ ಅಂಟಿಸಿ, ಪಾಲಿಶ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಫ್ರೇಮಿನ ಕುತ್ತಿಗೆಯ ಬಳಿ ಅದು ತಾಗಿ ನಿಲ್ಲುವ ಗುಬಟನ್ನು ಟಾರ್ಚ್ ಹಾಕಿ ನೋಡಿ. ಮುಂದಿನ ಚಕ್ರಕ್ಕೆ ಜೋರಾದ ಪೆಟ್ಟು ಬಿದ್ದಿದ್ದರೆ ಆ ಗುಬಟು ಜಜ್ಜಿರುತ್ತದೆ, ಇಲ್ಲವೇ ಅದರ ಬಣ್ಣ ಎದ್ದಿರುತ್ತದೆ. ಅಲ್ಲಿ ಹೊಸದಾಗಿ ಬಳಿದ ಬಣ್ಣ ಕಂಡರೆ ಅದು ಇನ್ನೂ ಕೆಟ್ಟ ಸುದ್ದಿ. ಅನಂತರ ಫುಟ್‌ರೆಸ್ಟ್ ತುದಿಗಳು, ಹ್ಯಾಂಡಲ್ ತುದಿಯ ತೂಕದ ಗುಂಡುಗಳು, ಕ್ಲಚ್ ಮತ್ತು ಬ್ರೇಕ್ ಲಿವರುಗಳ ತುದಿಗಳು ನೋಡಬೇಕಾದವು. ಒಂದು ಬದಿಯದು ಹಳೆಯದು, ಇನ್ನೊಂದು ಬದಿಯದು ಹೊಚ್ಚ ಹೊಸದು ಎಂದಿದ್ದರೆ ಏಕೆಂದು ಕೇಳಿ. ನಿಂತಲ್ಲೇ ವಾಲಿ ಬಿದ್ದದ್ದನ್ನು ಮುಚ್ಚಿಡದೆ ಹೇಳುವ ಮಾಲೀಕರನ್ನು ನಾನು ಹೆಚ್ಚು ನಂಬುತ್ತೇನೆ. ಅಷ್ಟು ಭಾರದ ಬೈಕು ಒಮ್ಮೆಯಾದರೂ ಕೈಜಾರುವುದು ಸಹಜ.

ಕೋನ್ ಸೆಟ್ಟಿನ, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗಿನ ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ, ನೀವು ಬಿಡಬೇಡಿ. ಇಬ್ಬರು ಸೇರಿ ಮುಂದಿನ ಚಕ್ರ ನೆಲ ಬಿಡುವಂತೆ ಬೈಕನ್ನು ಎತ್ತಿ ನಿಲ್ಲಿಸಿ, ಒಂದೇ ಬೆರಳಿನಿಂದ ಹ್ಯಾಂಡಲ್ಲನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಳ್ಳಿ. ಬೆಣ್ಣೆಯಲ್ಲಿ ಎಳೆದಂತೆ ಸಾಗಬೇಕು. ನಟ್ಟನಡುವೆ, ಚಕ್ರ ನೇರವಾಗುವ ಜಾಗದಲ್ಲಿ, ಸಣ್ಣ ಗುಂಡಿಗೆ ಬಿದ್ದಂತೆ ತಡೆದು ನಿಂತರೆ ಬೇರಿಂಗಿನ ದಾರಿಯಲ್ಲಿ ಹಳ್ಳ ಬಿದ್ದಿದೆಯೆಂದರ್ಥ. ನಮ್ಮ ಹಂಪುಗಳೂ ಗುಂಡಿಗಳೂ ಮಾಡುವ ಕೆಲಸವಿದು. ಬದಲಿಸಬಹುದಾದ ಭಾಗವೇ ಆದ್ದರಿಂದ ಬೈಕನ್ನು ತಿರಸ್ಕರಿಸಬೇಕಿಲ್ಲ, ಬೆಲೆಯಲ್ಲಿ ಮುರಿದುಕೊಳ್ಳಿ. ಚಕ್ರ ಎತ್ತಿರುವಾಗಲೇ ಅದನ್ನು ತಿರುಗಿಸಿ, ಫೋರ್ಕಿನ ಪಕ್ಕ ಬೆರಳೊಂದನ್ನು ಅಲುಗಾಡದಂತೆ ಹಿಡಿದು ರಿಮ್ಮಿನ ಅಂಚನ್ನು ನೋಡಿದರೆ ಅಲಾಯ್ ಡೊಂಕಾಗಿದೆಯೇ ಎಂಬುದೂ ತಿಳಿಯುತ್ತದೆ. ಫೋರ್ಕಿನ ಹೊಳೆಯುವ ಕೊಳವೆಗಳ ಮೇಲೆ ಉಗುರು ಎಳೆಯಿರಿ, ಸಿಕ್ಕಿಕೊಳ್ಳುವ ತುಕ್ಕಿನ ಚುಕ್ಕೆ ಎಲ್ಲಿದ್ದರೂ ಅದು ಹೊಸ ಸೀಲನ್ನೂ ಕತ್ತರಿಸುತ್ತದೆ.

ಚೈನಿಗೆ ಒಂದು ಅಳತೆಪಟ್ಟಿ ಸಾಕು. ಈ ಬೈಕಿನ ಚೈನಿನ ಪಿನ್ನಿನಿಂದ ಪಿನ್ನಿಗೆ 15.875 ಮಿ.ಮೀ. ದೂರ. ಚೈನನ್ನು ಬಿಗಿಯಾಗಿ ಎಳೆದು ಒಂದನೆಯ ಪಿನ್ನಿನಿಂದ 21ನೆಯ ಪಿನ್ನಿನವರೆಗೆ ಅಳೆದರೆ ಹೊಸ ಚೈನಿನಲ್ಲಿ 317.5 ಮಿ.ಮೀ. ಬರುತ್ತದೆ; 323 ಮುಟ್ಟಿದ್ದರೆ ಅದರ ಆಯಸ್ಸು ಮುಗಿದಿದೆ. ಬದಲಿಸುವುದಾದರೆ ಎರಡೂ ಸ್ಪ್ರಾಕೆಟ್ ಸಮೇತ ಬದಲಿಸಬೇಕು. ಬ್ರೇಕ್ ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೊರೆದಿರುತ್ತಾರೆ, ಅದನ್ನು ಓದಿ ವರ್ನಿಯರ್ ಸ್ಕೇಲಿನಲ್ಲಿ ಅಳೆಯಬಹುದು. ಇದರಿಂದ ಇನ್ನೊಂದು ಲಾಭವೂ ಇದೆ: ಮೀಟರು 8,900 ಎನ್ನುವಾಗ ಡಿಸ್ಕಿನ ಅಂಚಿನಲ್ಲಿ ಎದ್ದ ಏಣು ಉಗುರಿಗೆ ಸಿಕ್ಕರೆ, ಚೈನು ಸ್ಪ್ರಾಕೆಟ್ಟುಗಳು ಎರಡನೆಯ ಜೋಡಿಯಾಗಿದ್ದರೆ, ಮೀಟರನ್ನು ನಂಬಬೇಡಿ.

ಓಡಿಸಿ ನೋಡುವಾಗ ವೇಗಕ್ಕೆ ಹೋಗಬೇಡಿ. ಕೀ ತಿರುಗಿಸಿದಾಗ ಹೊತ್ತಿಕೊಳ್ಳುವ ಎಬಿಎಸ್ ದೀಪ ಬೈಕು ಸ್ವಲ್ಪ ಚಲಿಸಿದೊಡನೆ ಆರಬೇಕು. ಆರದಿದ್ದರೆ ಅಥವಾ ದೀಪ ಹೊತ್ತಿಕೊಳ್ಳಲೇ ಇಲ್ಲದಿದ್ದರೆ ಅದರ ವಿಚಾರ ಇತ್ಯರ್ಥವಾಗುವವರೆಗೆ ಹಣ ಕೊಡಬೇಡಿ. ಎರಡನೆಯ ಗೇರಿನಲ್ಲಿ ಗಟ್ಟಿಯಾಗಿ ಆಕ್ಸಿಲರೇಟರ್ ಕೊಟ್ಟಾಗ ಗೇರು ಹಾರಬಾರದು. ಮುಂದಿನ ಬ್ರೇಕನ್ನು ಹಗುರವಾಗಿ ಒತ್ತಿದಾಗ ಲಿವರು ಬೆರಳಿಗೆ ಮಿಡಿದಂತಾದರೆ ಡಿಸ್ಕು ಡೊಂಕಾಗಿದೆ. ನೀವು ಇಷ್ಟು ವರ್ಷ ಒಂಟಿ ಸಿಲಿಂಡರಿನ ಬೈಕಿಗೆ ಒಗ್ಗಿಕೊಂಡವರಾದ್ದರಿಂದ ಒಂದು ಮಾತು: 180 ಡಿಗ್ರಿ ಕ್ರ್ಯಾಂಕಿನ ಈ ಅವಳಿ ಸಿಲಿಂಡರಿನ ಎಂಜಿನ್ನಿನಲ್ಲಿ ಫುಟ್‌ರೆಸ್ಟಿಗೂ ಹ್ಯಾಂಡಲ್ಲಿಗೂ ಬರುವ ಸಣ್ಣ ನಡುಕ ಅದರ ಹುಟ್ಟುಗುಣ, ಅದನ್ನು ದೋಷವೆಂದು ತಿಳಿಯಬೇಡಿ.

ಕಾಗದಪತ್ರದ ವಿಷಯದಲ್ಲಿ ಸಡಿಲ ಬಿಡುವುದು ಸಲ್ಲದು. ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಎಂಜಿನ್ ನಂಬರುಗಳನ್ನು ಬೈಕಿನ ಮೇಲೆ ಕೊರೆದಿರುವ ಅಂಕಿಗಳೊಂದಿಗೆ ಒಂದೊಂದಾಗಿ ಹೋಲಿಸಿ. ಸಾಲದಲ್ಲಿ ಕೊಂಡ ಬೈಕಾದರೆ ಸಾಲ ತೀರಿದೆಯೆಂಬ ಮಾತು ಸಾಲದು. ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲವೆಂಬ ಪತ್ರ), ಫಾರಂ 35 ಸಲ್ಲಿಸಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರಬೇಕು. ಬಾಕಿ ಇ-ಚಲನ್‌ಗಳನ್ನು ಪರಿವಾಹನ್ ಪೋರ್ಟಲಿನಲ್ಲಿ ನೋಡಬಹುದು. ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಆಮೇಲೆ ಮಾಡಿಸಿಕೊಂಡರಾಯಿತು ಎನ್ನುವ ಮಾಲೀಕರಿಗೆ ಒಂದು ವಿಷಯ ತಿಳಿಸಿ: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ, ಆ ಪ್ರಕರಣದಲ್ಲಿ ವಾಹನ ಕೈಯಿಂದ ಕೈಗೆ ಮಾರಾಟವಾಗಿದ್ದರೂ ದಾಖಲೆಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿದಿತ್ತು.

ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರೊಂದಿಗೇ ಹೋಗುತ್ತದೆ, ಬೈಕಿನೊಂದಿಗೆ ಬರುವುದಿಲ್ಲ. ಹಾಗಾಗಿ ಪ್ರೀಮಿಯಮ್ಮಿನ ವ್ಯತ್ಯಾಸ ನೀವು ಕಟ್ಟಬೇಕಾಗುತ್ತದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಆಗ ಒಮ್ಮೆ ಕಟ್ಟಿದ್ದನ್ನೇ ನಂಬಿಕೊಂಡು ಅವಧಿ ಮುಗಿದದ್ದನ್ನು ಗಮನಿಸದ ಮಾಲೀಕರಿದ್ದಾರೆ, ವಿಶೇಷವಾಗಿ ಬೈಕು ಓಡಿಸದೆ ನಿಲ್ಲಿಸಿದವರು.

ಪುದುಚೇರಿಯ ಬೈಕನ್ನು ನಾನಾಗಿದ್ದರೆ ನೋಡಲೂ ಹೋಗುವುದಿಲ್ಲ. ಅಲ್ಲಿನ ತೆರಿಗೆ ಕಡಿಮೆಯಿರುವುದೇ ಅದರ ಅಗ್ಗದ ಗುಟ್ಟು. ಕರ್ನಾಟಕದಲ್ಲಿ 1 ಲಕ್ಷ ದಾಟಿದ ಹೊಸ ಬೈಕಿಗೆ ಜೀವಾವಧಿ ತೆರಿಗೆಯೇ ಶೇ 18. ಹೊರಗಿನಿಂದ ತಂದ ಹಳೆಯ ಬೈಕಿಗೆ ಅದರ ವಯಸ್ಸಿಗೆ ತಕ್ಕಂತೆ ಕಡಿತಗೊಳಿಸಿ ಇಲ್ಲಿ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಅಲ್ಲಿಂದ ಫಾರಂ 28ರ ಎನ್‌ಒಸಿ ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಬೇಕು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಉಳಿದೀತೆಂದುಕೊಂಡ ಹಣ ಕೈಬಿಟ್ಟಿರುತ್ತದೆ. ನೀವು ನೋಡಿರುವ ಉಳಿದೆರಡು ಬೈಕುಗಳಿಗೆ ಕರ್ನಾಟಕದ ನೋಂದಣಿಯೇ ಇರುವುದಾದರೆ ತೆರಿಗೆ ಮತ್ತೆ ಕಟ್ಟುವ ಪ್ರಶ್ನೆಯಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವ ಒಂದು ವಿಷಯವಿದೆ. ನಿಂಜಾ 650ರ ಹಿಂದಿನ ಸೀಟು ಎತ್ತರದಲ್ಲಿದೆ, ಅಗಲ ಕಡಿಮೆ. ನಿಮ್ಮ 350 ಸಿಸಿ ಬೈಕಿನ ಸೀಟಿನಂತೆ ಹಾಯಾಗಿ ಕೂರುವಂಥದ್ದಲ್ಲ. ಓಡಿಸುವವರಿಗೆ ಬೈಕು ಹಿಡಿಸಿ, ಹಿಂದೆ ಕೂರುವವರಿಗೆ ನೂರು ಕಿಲೋಮೀಟರಿಗೇ ಸಾಕಾಗಿ, ವರ್ಷ ತುಂಬುವುದರೊಳಗೆ ಮಾರಿಬಿಟ್ಟವರು ನನಗೆ ಗೊತ್ತು. ನೀವು ನೋಡುತ್ತಿರುವ 8,900 ಕಿ.ಮೀ.ಯ ಬೈಕಿನ ಕಥೆಯೂ ಅದೇ ಇರಬಹುದು. ಆದ್ದರಿಂದ ಬೈಕು ನೋಡಲು ಹೋಗುವಾಗ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ, ಮಾಲೀಕರ ಒಪ್ಪಿಗೆ ಪಡೆದು ಅರ್ಧ ಗಂಟೆಯಾದರೂ ಹಿಂದೆ ಕೂರಿಸಿಕೊಂಡು ಓಡಿಸಿ. ಹೊರಡುವ ಮೊದಲು ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡನ್ನು (ಸ್ಪ್ರಿಂಗಿನ ಬಿಗಿತವನ್ನು) ಇಬ್ಬರ ಭಾರಕ್ಕೆ ತಕ್ಕಂತೆ ಬಿಗಿ ಮಾಡಿಸಿ, ಇಲ್ಲದಿದ್ದರೆ ಪ್ರತಿ ಹಂಪಿನ ಪೆಟ್ಟೂ ನೇರವಾಗಿ ಅವರ ಬೆನ್ನಿಗೇ ಹೋಗುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಹಿಡಿದುಕೊಳ್ಳಲು ಗ್ರ್ಯಾಬ್ ರೈಲ್ ಬೇಕಾಗುತ್ತದೆ. 36,000 ಕಿ.ಮೀ.ಯ ಬೈಕಿಗೆ ಬ್ಯಾಗಿನ ಸ್ಟ್ಯಾಂಡನ್ನೂ ಗ್ರ್ಯಾಬ್ ರೈಲನ್ನೂ ಅದರ ಮಾಲೀಕರು ಈಗಾಗಲೇ ಹಾಕಿಸಿದ್ದರೆ ಅವನ್ನು ಬಿಚ್ಚಿಕೊಳ್ಳದೆ ಬೈಕಿನೊಂದಿಗೇ ಕೊಡುವಂತೆ ಮಾತಾಡಿಕೊಳ್ಳಿ, ಮುಂಗಡ ಕೊಡುವಾಗ ಆ ಮಾತನ್ನೂ ಬರೆಸಿಕೊಳ್ಳಿ. ನಿಮ್ಮ ಮನೆಯವರು ಆ ಸೀಟು ಆಗುವುದಿಲ್ಲ ಎಂದರೆ ಎರಡೂ ಬೈಕುಗಳನ್ನು ಬಿಟ್ಟು, ಇನ್ನೂ ಕೆಲವು ತಿಂಗಳು ಹಣ ಕೂಡಿಟ್ಟು, ಇದೇ ಕಂಪನಿಯ ನಾಲ್ಕು ಸಿಲಿಂಡರಿನ ನಿಂಜಾ 1000 ಹುಡುಕಿ. 1,043 ಸಿಸಿಯ ಆ ಬೈಕಿನ ಖರ್ಚು ಹೆಚ್ಚಾದರೂ ಇಬ್ಬರ ಪ್ರಯಾಣಕ್ಕೆ ಅದು ಹೆಚ್ಚು ಒಗ್ಗುತ್ತದೆ. ಈ ಪರೀಕ್ಷೆಗಳೆಲ್ಲ ಅದಕ್ಕೂ ಹೀಗೆಯೇ ಅನ್ವಯಿಸುತ್ತವೆ.